ಎರಡು ಮಾರ್ಕಿನ ರೇಡಿಯೊ

"ಕರ್ರ್... ಸುಂಯ್..."

ರೇಡಿಯೊ ಗೊರಕೆ ಹೊಡೆಯುತ್ತಿತ್ತು. ತಾತ ಗುಂಡಿಯನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿದರು.

"ಇವತ್ತೇ ಹೀಗಾಗ್ಬೇಕಾ?"

ಇವತ್ತು ಕೊನೆಯ ದಿನ. ತಾತ ಕೇಳುವ ಸಮುದ್ರದಾಚೆಯ ಶಾರ್ಟ್‌ವೇವ್ ಸ್ಟೇಷನ್ ಸಂಜೆ ಆರೂವರೆಗೆ ಮುಚ್ಚಲಿತ್ತು. ಈಗ ಎಲ್ಲರೂ ಇಂಟರ್‌ನೆಟ್‌ನಲ್ಲೇ ಕೇಳುತ್ತಾರಂತೆ. ದನಿ ಎಷ್ಟು ಸ್ಪಷ್ಟವಾಗಿತ್ತು ಎಂದು ಐದಕ್ಕೆ ಮಾರ್ಕು ಹಾಕಿ ತಾತ ಮೂವತ್ತು ವರ್ಷದಿಂದ ಅವರಿಗೆ ಪತ್ರ ಬರೆಯುತ್ತಿದ್ದರು. ಅವರು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಬೀರುವಿನ ಬಾಗಿಲ ತುಂಬ ಅವೇ ಕಾರ್ಡು.

ಪಕ್ಕದಲ್ಲಿ ಮೊಮ್ಮಗಳು ಚೂಟಿ ಕೂತಿದ್ದಳು. ವಟವಟ ಎನ್ನುವ ಹುಡುಗಿ ಇವತ್ತು ಮಂಡಿ ತಬ್ಬಿಕೊಂಡು ರೇಡಿಯೊವನ್ನೇ ನೋಡುತ್ತಿದ್ದಳು.

ತಾತ ಸ್ಟೇಷನ್ನಿಗೆ ಕಳಿಸುವ ಮಾರ್ಕಿನ ಫಾರಂನಲ್ಲಿ "ಎರಡು" ಎಂದು ಬರೆದರು.

"ಅಯ್ಯೋ, ಎರಡೇನಾ? ಐದು ಹಾಕಿ ತಾತ! ಪಾಪ, ಕೊನೇ ದಿನ."

"ಕೇಳಿಸಿದಷ್ಟೇ ಬರೀಬೇಕಮ್ಮ. ನಮ್ಮ ಕಿವೀನ ನಂಬ್ಕೊಂಡಿರ್ತಾರೆ ಅವರು. ಅವರದು ಹಳೇ ಮಷಿನ್ನು, ಸುಸ್ತಾಗಿರ್ಬೇಕು."

ಟೆರೇಸಿನ ಮೇಲೆ ತಾತ ಕಟ್ಟಿದ್ದ ರೇಡಿಯೊದ ಏರಿಯಲ್ ವೈರಿನ ಮುಕ್ಕಾಲು ಭಾಗ ಚೂಟಿಯ ಸೈನ್ಸ್ ಪ್ರಾಜೆಕ್ಟಿನಲ್ಲಿ, ಅಯಸ್ಕಾಂತ ಮಾಡುವ ಮೊಳೆಗೆ ಸುತ್ತಿಕೊಂಡು ಕೂತಿತ್ತು. ಬಟ್ಟೆ ಒಣಗಿಸುವ ಹಳೇ ತಂತಿ ಎಂದುಕೊಂಡು ನಿನ್ನೆ ಕತ್ತರಿಸಿದ್ದಳು. ರೇಡಿಯೊ ಗೊರಕೆ ಹೊಡೆದಾಗಲೇ ಅದೇನೆಂದು ಹೊಳೆದದ್ದು.

"ತಾತ... ಅವರ ಮಷಿನ್ ಸರಿಯಾಗೇ ಇದೆ. ವೈರ್ ಕಟ್ ಮಾಡಿದ್ದು ನಾನೇ."

ತಾತ ಅವಳನ್ನು ನೋಡಿದರು. ಆಮೇಲೆ ಗಡಿಯಾರ ನೋಡಿದರು.

"ಹತ್ತು ನಿಮಿಷ ಇದೆ. ಓಡು, ತಗೊಂಡ್ಬಾ!"

ನಿನ್ನೆಯಿಡೀ ಸುತ್ತಿದ್ದನ್ನು ಚೂಟಿ ಐದೇ ನಿಮಿಷದಲ್ಲಿ ಬಿಚ್ಚಿದಳು. ಇಬ್ಬರೂ ರೇಡಿಯೊ ಹೊತ್ತು ಟೆರೇಸಿಗೆ ಹೋದರು. ತಾತ ಒಂದು ತುದಿಯನ್ನು ರೇಡಿಯೊಗೆ ಸಿಕ್ಕಿಸಿದರು. ಇನ್ನೊಂದನ್ನು ಚೂಟಿ ಕೈಯೆತ್ತಿ ಹಿಡಿದಳು.

ಗೊರಕೆ ನಿಂತಿತು. ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಒಂದು ಹೆಂಗಸಿನ ದನಿ ಬಂತು.

"...ಇಷ್ಟು ವರ್ಷ ನಮಗೆ ಪತ್ರ ಬರೆದ ಎಲ್ಲರಿಗೂ ನಮಸ್ಕಾರ."

ಆಮೇಲೆ ಬರೀ ಸುಂಯ್. ತೋಳು ನೋಯುತ್ತಿದ್ದರೂ ಚೂಟಿ ವೈರ್ ಇಳಿಸಲಿಲ್ಲ.

"ಬಿಡಮ್ಮ, ಮುಗೀತು." ತಾತ ರೇಡಿಯೊ ಆಫ್ ಮಾಡಿದರು.

ಅವರು ಹಳೆಯ ಎರಡನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ "ಕೊನೆಯ ಮೂರು ನಿಮಿಷ: ನಾಲ್ಕು" ಎಂದು ಬರೆದರು.

"ಐದು ಯಾಕಿಲ್ಲ?"

"ನಿನ್ನ ಕೈ ನಡುಗ್ತಿತ್ತಲ್ಲ!"

ಚೂಟಿ ಪೆನ್ನು ಕೇಳಿ ತೆಗೆದುಕೊಂಡಳು. "ಮೊದಲು ಎರಡು ಬಂದದ್ದು ನನ್ನಿಂದ. ನಿಮ್ಮ ಮಷಿನ್ ಚೆನ್ನಾಗಿತ್ತು" ಎಂದು ಬರೆಯಲು ಶುರುಮಾಡಿದಳು.

"ಇದಕ್ಕೆ ಕಾರ್ಡ್ ಬರುತ್ತಾ ತಾತ?"

"ಗೊತ್ತಿಲ್ಲ. ಅಲ್ಲಿ ಓದೋರು ಇರ್ತಾರೋ, ಇಲ್ವೋ."

ಚೂಟಿ ಫಾರಂ ಅನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಉಳಿದ ಅಕ್ಷರಗಳನ್ನು ಇನ್ನೂ ಗುಂಡಗೆ, ನಿಧಾನವಾಗಿ ಬರೆದಳು.