ಅರಿಶಿನ ಮೆತ್ತಿದ ರಾಣಿ

ಸೋಮವಾರ ಬೆಳಿಗ್ಗೆ ನಂಜನಗೂಡು ಠಾಣೆಗೆ ಬಂದ ದೂರು ಎಫ್‌ಐಆರ್‌ನ ಯಾವ ಅಂಕಣಕ್ಕೂ ಹೊಂದಲಿಲ್ಲ. ದೂರುದಾರ ಅಮೃತೇಶ್ ರಸಗೊಬ್ಬರದ ವ್ಯಾಪಾರಿ, ಹಳೆಯ ನಾಣ್ಯಗಳ ಸಂಗ್ರಾಹಕ. ಅವನ ಆಲ್ಬಮ್‌ನಲ್ಲಿ ವಿಕ್ಟೋರಿಯಾ ರಾಣಿಯ ಮುಖವಿರುವ, 1862ರ ಏಳು ಬೆಳ್ಳಿ ರೂಪಾಯಿಗಳಿದ್ದವು.

“ಹೋದ ವಾರ ಮೂರನೇದು ಇರ್ಲಿಲ್ಲ ಸಾರ್. ನಿನ್ನೆಯಿಂದ ಅದು ಇದೆ, ನಾಲ್ಕನೇದಿಲ್ಲ.”

“ಹಾಗಾದ್ರೆ ಅದೂ ಬರುತ್ತೆ. ಕಾಯಿರಿ,” ಎಂದ ಇನ್‌ಸ್ಪೆಕ್ಟರ್ ಸಿದ್ಧಾರ್ಥ.

“ಅಷ್ಟರಲ್ಲಿ ಐದನೇದು ಹೋಗುತ್ತಲ್ಲ ಸಾರ್!”

ಮರಳಿ ಬಂದ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದಾಗ ರಾಣಿಯ ಜಡೆಯ ಸಂದಿಯಲ್ಲಿ ಹಳದಿ ಪುಡಿ ಕಂಡಿತು. ಕಾನ್‌ಸ್ಟೆಬಲ್ ಅರ್ಪಿತ ಮೂಸಿದಳು.

“ಅರಿಶ್ಣ ಕಣ್ ಸಾ. ಯಾರೋ ಪೂಜೆ ಮಾಡವ್ರೆ.”

“ಕದ್ದ ಮಾಲಿಗೆ ಪೂಜೆಯೇ?”

“ನಂಗೂ ಅರ್ಥಾಯ್ತಿಲ್ಲ ಸಾ.”

ಎರಡು ಭಾನುವಾರವೂ ಆಲ್ಬಮ್ ನೋಡಲು ಬಂದವಳು ಒಬ್ಬಳೇ, ಟಿ. ನರಸೀಪುರದ ಬ್ಯಾಂಕ್ ಉದ್ಯೋಗಿ ಮಾನಸ. ಏಳರಲ್ಲಿ ಒಂದು ಅವಳೇ ಕೊಟ್ಟದ್ದು, ಎಡ್ವರ್ಡ್ ದೊರೆಯ ರೂಪಾಯಿ, ಮೇಲೊಂದಿಷ್ಟು ಹಣಕ್ಕೆ ಬದಲಾಗಿ.

“ಆಮೇಲೆ ವಾಪಸ್ ಕೇಳಿದ್ಲು. ಯಾವ್ದು ತೋರ್ಸಮ್ಮ, ಕೊಡ್ತೀನಿ ಅಂದೆ. ಅವಳಿಗೆ ಗೊತ್ತಾಗ್ಲಿಲ್ಲ. ನಾನು ಏಳನ್ನೂ ಹುಣಸೆಹುಳಿ ಹಾಕಿ ತಿಕ್ಕಿದ್ದೆ.”

“ನಿಮಗೆ ಗೊತ್ತಾ?”

“ನಂಗೂ ಇಲ್ಲ ಸಾರ್.”

ಮಧ್ಯಾಹ್ನ ಟಿ. ನರಸೀಪುರದಲ್ಲಿ ಬಾಗಿಲು ತೆರೆದ ಮಾನಸ ಏನನ್ನೂ ಅಲ್ಲಗಳೆಯಲಿಲ್ಲ. ಆ ಮನೆಯಲ್ಲಿ ವಿಗ್ರಹವಿರಲಿಲ್ಲ. ಮುತ್ತಜ್ಜಿಯ ಕಾಲದಿಂದ ರಾಣಿ ರೂಪಾಯಿಯೊಂದನ್ನೇ ದೊಡ್ಡವ್ವ ಎಂದು ಪೂಜಿಸುತ್ತಿದ್ದರು. ಅಜ್ಜಿಗೆ ಕಣ್ಣು ಮಂಜೆಂದು ಮಾನಸ ಆ ಜಾಗದಲ್ಲಿ ಎಡ್ವರ್ಡ್‌ನನ್ನು ಇಟ್ಟಿದ್ದಳು.

“ಅರಿಶ್ಣ ಅಚ್ಚಕ್ಕೋದ್ರೆ ಬೆರಳಿಗೆ ಗಡ್ಡ ಸಿಕ್ತು ಕಣಪ್ಪಾ,” ಎಂದಳು ಅಜ್ಜಿ ಪುಟ್ಟಮಾದಮ್ಮ, ಕಳಸದ ಮುಂದಿನಿಂದ ಏಳದೆ. “ದೊಡ್ಡವ್ವಂಗೆ ಗಡ್ಡ ಬಂದದೆ ಅಂದ್ರೆ ಅನ್ನ ಎಂಗೆ ಇಳಿದದು?”

ಅಂದಿನಿಂದ ಅವಳು ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮಾನಸ ವಾರಕ್ಕೊಂದು ನಾಣ್ಯ ತರುತ್ತಿದ್ದಳು. ಅಜ್ಜಿ ಅದರ ಮೇಲೆ ಒದ್ದೆ ಹೂವಿಟ್ಟು ಅಪ್ಪಣೆ ಕೇಳುತ್ತಿದ್ದಳು. ಹೂ ಬಲಕ್ಕೆ ಬಿದ್ದರೆ ನಾಣ್ಯ ನಮ್ಮದು. ಮೂರು ಸಲವೂ ಎಡಕ್ಕೆ ಬಿದ್ದಿತ್ತು. ಮೊದಲೆರಡು ನಾಣ್ಯ ಹೋಗಿ ಬಂದದ್ದನ್ನು ಅಮೃತೇಶ್ ಗಮನಿಸಿರಲಿಲ್ಲ.

ಈಗ ಕಳಸಕ್ಕೆ ಒರಗಿದ್ದ ನಾಲ್ಕನೆಯದರ ಮೇಲೆ ಕಣಗಿಲೆ ಹೂ ಅಂಟಿತ್ತು.

“ಒಸಿ ತಡೀರಪ್ಪ, ಅವ್ವ ಇನ್ನೂ ಅಪ್ಣೆ ಕೊಟ್ಟಿಲ್ಲ.”

ಸಿದ್ಧಾರ್ಥ ಕಾದ. ಏಕೆ ಕಾಯುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಹೂ ಅಲುಗಲಿಲ್ಲ. ಕೊನೆಗೆ ಜಪ್ತಿಗೆ ಸನ್ನೆ ಮಾಡಿದ. ಅರ್ಪಿತ ಕೈ ಚಾಚಿದಳು. ಹೂ ಬಲಕ್ಕೆ ಬಿತ್ತು.

“ಮಾನ್ಸಾ! ಅನ್ನ ಬಡ್ಸವ್ವಾ!”

“ನೀನು ತಾಗಿಸಿದೆಯಾ?” ಸಿದ್ಧಾರ್ಥ ಪಿಸುಗುಟ್ಟಿದ.

“ಗೊತ್ತಿಲ್ಲ ಸಾ. ಸತ್ಯವಾಗ್ಲೂ ಗೊತ್ತಿಲ್ಲ.”

ಅಜ್ಜಿ ತಟ್ಟೆ ಖಾಲಿ ಮಾಡುವವರೆಗೆ ಪಂಚನಾಮೆ ನಿಧಾನವಾಗಿ ಸಾಗಿತು. ಬಂಧನದ ಸಮಯ, ಮಧ್ಯಾಹ್ನ 3.10. ಕಾರಣ ಕೇಳಿದ್ದಕ್ಕೆ ಮಾನಸ ಅಜ್ಜಿಯ ತಟ್ಟೆಯ ಕಡೆ ನೋಡಿದಳು.

ನಾಣ್ಯವನ್ನು ಲಕೋಟೆಗೆ ಹಾಕುವ ಮುನ್ನ ಅರ್ಪಿತ ಕರವಸ್ತ್ರ ತೆಗೆದಳು.

“ಅರಿಶಿನ ಒರೆಸಬೇಡ,” ಎಂದ ಸಿದ್ಧಾರ್ಥ. “ಆಮೇಲೆ ಏಳರಲ್ಲಿ ಯಾವುದು ಅಂತ ಹುಡುಕೋಣ?”