ರಿಪೆಕಾ ಕೊಟ್ಟ ಆರು ತೆನೆ

“ಈ ವ್ಯಾನಿನ ಹಿಂದಿರೋ ಕುದಿನೀರಿನ ಕೊಳದಲ್ಲಿ ಮಾತ್ರ ಏನೂ ಬೇಯಿಸ್ಬೇಡ ಕಣಪ್ಪ. ಹೇಳ್ಲಿಲ್ಲ ಅಂತ ನಾಳೆ ಅನ್ಬೇಡ.”

ತಲೆಗೆ ಕಂಬಳಿ ಹೊದ್ದು ಮಳೆಯಲ್ಲಿ ನಿಂತಿದ್ದ ಮುದುಕಿ ರಿಪೆಕಾ, ವ್ಯಾನಿನ ಕಿಟಕಿಯಿಂದ ಆರು ಮುಸುಕಿನ ಜೋಳದ ತೆನೆಗಳನ್ನು ಒಳಗೆ ಚಾಚಿದಳು. ಒಳಗೆ ಕೂತಿದ್ದ ಮಟಿಯು ನಕ್ಕುಬಿಟ್ಟ. ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ಆಸಾಮಿ. ಅಜ್ಜನ ಊರನ್ನು ಮಗಳು ಮೀರಿಗೆ ತೋರಿಸೋಣವೆಂದು ಕ್ಯಾಂಪರ್ ವ್ಯಾನು ಬಾಡಿಗೆಗೆ ಹಿಡಿದು, ಬಿಸಿನೀರ ಬುಗ್ಗೆಗಳ ರೋಟೊರುವಾ ಕಡೆ ಬಂದಿದ್ದ. ಮೂರು ದಿನದಿಂದ ಹಾಳು ಮಳೆ. ಮುಂದೆ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಒಲೆಯ ಗ್ಯಾಸ್ ನಿನ್ನೆಯೇ ಮುಗಿದಿತ್ತು. ಅದನ್ನೂ, ಅವನು ಯಾರ ಮೊಮ್ಮಗನೆಂಬುದನ್ನೂ ಮುದುಕಿ ಮೊದಲೇ ಕೇಳಿ ತಿಳಿದುಕೊಂಡಿದ್ದಳು.

“ಊರಿನ ಅಡುಗೆ ಕೊಳ ಅರ್ಧ ಮೈಲಿ ಕೆಳಗಿದೆ. ಅಲ್ಲಿಗೆ ಹೋಗು.”

“ಈ ಮಳೇಲಿ? ಯಾಕಜ್ಜಿ, ಈ ಕೊಳಕ್ಕೇನು ದೊಡ್ಡರೋಗ?”

“ಇದರ ದಡದಲ್ಲಿ ಒಂದು ಹುಡುಗಿಯ ತಲೆ ಹೂತಿದೆ. ತಲೆ ಅಂದ್ರೆ ನಮ್ಮೋರಿಗೆ ದೇವರ ಸಮಾನ. ಸತ್ತೋರ ಜಾಗಕ್ಕೆ ತಿನ್ನೋದು ತರಬಾರದು. ನಿಮ್ಮಜ್ಜ ಪಾವೊರಾಗೂ ಹೇಳಿದ್ರು. ನಕ್ಕ. ಪ್ರವಾಸಿಗಳಿಗೆ ತಮಾಷೆ ತೋರಿಸೋಕೆ ಇದರಲ್ಲೇ ಜೋಳ ಬೇಯಿಸಿ ತಿಂದ. ಹುಡುಗಿಯ ತಾಯಿ ಮಾಟ ಇಟ್ಟಳು. ಅವನಿಗೂ, ಅವನ ರಕ್ತಕ್ಕೂ.”

“ಒಳ್ಳೇ ಮಾಟ! ನಮ್ಮಜ್ಜ ತೊಂಬತ್ತರ ತನಕ ಗುಂಡುಕಲ್ಲಿನ ಹಾಗಿದ್ದ.”

“ಇದ್ದ. ಏನು ತಿಂತಿದ್ದ?”

ಮಟಿಯುವಿನ ನಗು ಒಂದು ಗಳಿಗೆ ನಿಂತಿತು. ಅಜ್ಜ ತಿನ್ನುತ್ತಿದ್ದದ್ದು ತಣ್ಣನೆಯ ಬ್ರೆಡ್ಡು, ಅದೂ ಹಿತ್ತಲ ಶೆಡ್ಡಿನಲ್ಲಿ, ಗೋಡೆಗೆ ಮುಖ ಮಾಡಿ, ಒಬ್ಬನೇ. ಮೊಮ್ಮಗನ ತಲೆಯನ್ನು ಒಮ್ಮೆಯೂ ಸವರಿದವನಲ್ಲ. ಹತ್ತಿರ ಹೋದರೆ “ದೂರ ಹೋಗೋ!” ಎಂದು ಕಿರುಚುತ್ತಿದ್ದ. ಸಿಡುಕು ಮುದುಕ, ಇನ್ನೇನು!

“ಸರಿ ಬಿಡಜ್ಜಿ, ಬೆಂದ ಮೇಲೆ ನಿನಗೂ ಒಂದು ತೆನೆ ಕೊಡ್ತೀನಿ,” ಎಂದು ಕಿಟಕಿ ಏರಿಸಿದ.

ಮುದುಕಿ ಹೋದದ್ದೇ ತಡ, ತೆನೆ ಸುಲಿದು, ನೂಲೆಲ್ಲ ಕಿತ್ತು, ಬಲೆಚೀಲಕ್ಕೆ ತುಂಬಿ ಕೊಳಕ್ಕೆ ಇಳಿಬಿಟ್ಟ. ನೀರು ಗುಳುಗುಳು ಕುದಿಯುತ್ತಿತ್ತು. ಗಂಧಕದ ನಾತ ಮೂಗಿನಲ್ಲಿ ಮನೆ ಮಾಡಿತ್ತು. ಹಬೆ ಮಳೆಯನ್ನೂ ನುಂಗಿ, ಹಗಲಲ್ಲೇ ಕಣ್ಣಿಗೆ ಕತ್ತಲೆ ಕವಿಸಿತ್ತು. ಚೀಲ ಮೇಲೆತ್ತಿದಾಗ ಯಾಕೋ ಭಾರವೆನಿಸಿತು.

ಮೀರಿ ತನ್ನ ತೆನೆಯನ್ನು ಕೈಯಲ್ಲಿ ತಿರುಗಿಸಿ ಮುಖ ಕಿವುಚಿದಳು. “ಅಪ್ಪಾ, ಇದರಲ್ಲಿ ಕೂದಲಿದೆ. ನಂಗೆ ಬೇಡ.”

“ಜೋಳದ ನೂಲು ಕಣೆ, ಪೆದ್ದಿ.”

ನೂಲು ಕಪ್ಪಗಿತ್ತು. ಮೊಳದುದ್ದ ಇತ್ತು. ಅವನು ಅದನ್ನು ಎಳೆದೆಸೆದು ತೆನೆ ಕಚ್ಚಿದ. ಅಬ್ಬಾ, ಏನು ರುಚಿ! ಎರಡು ತಿಂದ. ಆರೂ ತಿಂದ. ದಿಂಡನ್ನೂ ಚೀಪಿದ. ಹೊಟ್ಟೆ ಮಾತ್ರ ಬೆಳಗಿನಿಂದ ಉಪವಾಸವಿದ್ದಂತೆ ಉರಿಯುತ್ತಲೇ ಇತ್ತು.

ಆಗ ವಾಸನೆ ಬಂತು. ಗಂಧಕದ್ದಲ್ಲ. ಹದವಾಗಿ ಬೆಂದ ಮಾಂಸದ್ದು. ಬಾಯಲ್ಲಿ ನೀರೂರಿತು. ಎಲ್ಲಿಂದ? ಮೂಸುತ್ತ ಎದ್ದ. ಒಲೆ ತಣ್ಣಗಿತ್ತು. ಡಬ್ಬಿಗಳು ಖಾಲಿ. ವಾಸನೆ ಹಾಸಿಗೆಯ ಕಡೆಯಿಂದ. ಅಲ್ಲಿ ಮೀರಿ ಕೂತು ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದಳು. ಹತ್ತಿರ ಹೋದ. ಇನ್ನೂ ಹತ್ತಿರ. ಅವಳ ನೆತ್ತಿಗೆ ಮೂಗಿಟ್ಟ. ಇಲ್ಲೇ. ಇಲ್ಲಿಂದಲೇ.

“ಅಪ್ಪಾ, ಕಚಗುಳಿ!” ಮೀರಿ ನಕ್ಕಳು.

ಜೊಲ್ಲು ಅವಳ ಬೈತಲೆಗೆ ತೊಟ್ಟಿಕ್ಕಿತು. ಬಾಯಿ ತಾನಾಗಿ ತೆರೆಯಿತು. ಹಲ್ಲು ನೆತ್ತಿಗೆ ತಾಗಿತು. ಬೆಚ್ಚಗಿತ್ತು.

“ಅಪ್ಪಾ, ನೋಯುತ್ತೆ!”

ಮಟಿಯು ಹಿಂದಕ್ಕೆ ಹಾರಿದ. ಬಾಗಿಲಿಗೆ ಬಡಿದ. ಮಳೆಗೆ ಬಿದ್ದ. ಎದ್ದ. ಹೊರಗಿನಿಂದ ಬೀಗ ಜಡಿದ. ಕೀಲಿಯನ್ನು ಕೊಳಕ್ಕೆಸೆದ. ಬಾಯಲ್ಲಿ ಇನ್ನೂ ನೀರೂರುತ್ತಿತ್ತು.

ಹಬೆಯೊಳಗೆ ರಿಪೆಕಾ ನಿಂತಿದ್ದಳು.

“ತೆಗಿ ಅಜ್ಜಿ, ಈ ಮಾಟನ ತೆಗಿ! ಕಾಲಿಗೆ ಬೀಳ್ತೀನಿ!”

“ನನ್ನ ಮಗಳ ತಲೆ ಅದು,” ಎಂದಳು ಮುದುಕಿ, ಕೊಳದ ಕಡೆ ನೋಡುತ್ತ. “ಒಂಬತ್ತು ವರ್ಷದ್ದು. ನಿಮ್ಮಜ್ಜ ಅದರ ಮೇಲೆ ಅಡುಗೆ ಮಾಡಿ ತಿಂದ, ಜನ ಚಪ್ಪಾಳೆ ತಟ್ಟಿದ್ರು.”

“ನಾನೇನು ಮಾಡಿದ್ದೆ ನಿಂಗೆ? ಜೋಳ ಕೊಟ್ಟವಳು ನೀನೇ!”

“ಕೊಟ್ಟೆ. ಬೇಡ ಅಂತಲೂ ಹೇಳಿದೆ. ಹೇಳದಿದ್ರೆ ಮಾಟ ತಗಲಲ್ಲ. ಕೇಳಿಸಿಕೊಂಡು ನಗಬೇಕು. ಐವತ್ತು ವರ್ಷ ಕಾದೆ. ನಕ್ಕೆಯಲ್ಲ ನೀನು!”

“ಮೀರಿ ಏನೂ ತಿಂದಿಲ್ಲ. ಅವಳನ್ನ ಬಿಟ್ಟುಬಿಡು.”

“ಅವಳಿಗೆ ನನ್ನಿಂದ ಏನೂ ಆಗಲ್ಲ. ಆದ್ರೆ ನಿನ್ನಿಂದ ಆಗತ್ತೆ. ಬದುಕಿರೋ ಮಗಳನ್ನ ಕಳ್ಕೊಳ್ಳೋದು ಹೇಗಿರುತ್ತೆ, ನೋಡು.”

ಮೀರಿ ಒಳಗಿನಿಂದ ಕಿಟಕಿ ತಟ್ಟುತ್ತಿದ್ದಳು. “ನೆನೀತಿದ್ದೀಯಲ್ಲಪ್ಪಾ, ಒಳಗೆ ಬಾ!”

ಅವನು ಆಕ್ಲೆಂಡಿನಲ್ಲಿದ್ದ ಹೆಂಡತಿ ಎರಾನಾಗೆ ಫೋನು ಮಾಡಿ, ಬೇಗ ಬಾ ಎಂದಷ್ಟೇ ಹೇಳಿದ. ಸಂಜೆಯ ಹೊತ್ತಿಗೆ ಅವಳ ಕಾರು ಬಂತು. ವ್ಯಾನಿನ ಕಿಟಕಿ ಒಡೆದು ಅವಳು ಮಗಳನ್ನು ಇಳಿಸಿಕೊಳ್ಳುವಾಗ ಮಟಿಯು ರಸ್ತೆಯಾಚೆ ಮೂಗು ಮುಚ್ಚಿಕೊಂಡು ನಿಂತಿದ್ದ. “ನಿನಗೇನು ಬಂತು ದೊಡ್ಡರೋಗ?” ಎಂದು ಎರಾನಾ ಬಾಯಿಗೆ ಬಂದಂತೆ ಬೈದಳು. ಉತ್ತರ ಕೊಡಬೇಕಾದರೆ ಉಸಿರೆಳೆಯಬೇಕು. ಎಳೆಯಲಿಲ್ಲ.

ಮೀರಿ ಅಮ್ಮನ ಕೈ ಬಿಡಿಸಿಕೊಂಡು ಅವನತ್ತ ಓಡಿಬಂದಳು, ಮುತ್ತಿಗಾಗಿ ತಲೆ ಬಗ್ಗಿಸಿಕೊಂಡು.

“ದೂರ ಹೋಗೇ!”

ಮಗು ಅಲ್ಲೇ ನಿಂತುಬಿಟ್ಟಿತು. ಹಾಗೆ ಕಿರುಚಿದ್ದು ಅಜ್ಜನ ದನಿ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ರಿಪೆಕಾ ಬಂದು ಅವನ ಕೈಯಲ್ಲಿ ತಣ್ಣನೆಯ ಬ್ರೆಡ್ಡಿನ ಎರಡು ತುಂಡು ಇಟ್ಟಳು. ಮಟಿಯು ವ್ಯಾನಿನ ಕಡೆ ಮುಖ ತಿರುಗಿಸಿ ನಿಂತು ತಿಂದ.