ಒಂದೇ ತಪ್ಪು ಹೇಳಿದ ಇಬ್ಬರು ಸಾಕ್ಷಿಗಳು

ಬುಧವಾರ ಬೆಳಿಗ್ಗೆ ಹತ್ತಕ್ಕೆ, ಠಾಣೆಯಲ್ಲಿ ಚಹಾದ ಲೋಟಗಳು ಇನ್ನೂ ಅರ್ಧ ಮೇಜುಗಳನ್ನಷ್ಟೇ ತಲುಪಿದ್ದಾಗ, ದರ್ಜಿಯೊಬ್ಬನ ಮಗಳು ದೂರು ತಂದಳು. ಆಸ್ಪತ್ರೆಯಲ್ಲಿದ್ದ ಅವಳ ಅಪ್ಪನಿಗೆ ಪಂಪಿನಿಂದ ಹನಿಹನಿಯಾಗಿ ಹೋಗಬೇಕಿದ್ದ ನೋವಿನ ಔಷಧ ಧಾರೆಯಾಗಿ ಹೋಗಿತ್ತು. ಉಸಿರು ನಿಲ್ಲುವ ಹೊತ್ತಿಗೆ ವೈದ್ಯರು ಓಡಿಬಂದು ಉಳಿಸಿಕೊಂಡಿದ್ದರು. ಎಫ್‌ಐಆರ್ ದಾಖಲಾಯಿತು, ಆರೋಪಿಯ ಜಾಗದಲ್ಲಿ ವಾರ್ಡಿನ ನರ್ಸ್.

"ಸುಲಭದ ಕೇಸು ಮೇಡಂ. ಪಂಪಿಗೆ ತಪ್ಪು ಅಂಕಿ ಒತ್ತಿದ್ದಾಳೆ, ಮುಗೀತು," ಎಂದ ದಫೇದಾರ. ಯಾರ ಮಾತಿಗಾದರೂ ಕೊನೆಯಲ್ಲಿ ತನ್ನದೊಂದು ಅಂಟಿಸುತ್ತಿದ್ದುದರಿಂದ ಠಾಣೆಯಲ್ಲಿ ಅವನಿಗೆ 'ಷರಾ' ಎಂದೇ ಹೆಸರು.

"ನೀನು ಸುಲಭ ಅಂದಾಗೆಲ್ಲ ನಂಗೆ ತಲೆನೋವು ಬಂದಿದೆ. ಜೀಪ್ ತೆಗಿ," ಎಂದಳು ಇನ್ಸ್‌ಪೆಕ್ಟರ್.

ವಾರ್ಡಿನಲ್ಲಿ ಸಿಕ್ಕ ನರ್ಸಿನ ಕಣ್ಣು ಅತ್ತು ಊದಿಕೊಂಡಿತ್ತು.

"ಎಷ್ಟು ಒತ್ತಿದ್ರಿ?"

"ಮೊದ್ಲು ಸಲೈನ್‌ಗೆ ಐವತ್ತಿತ್ತು. ಔಷಧ ಬದಲಾಯ್ತು, ಐದು ಮಾಡ್ದೆ. ಪರದೇಲಿ ಐದೇ ಇತ್ತು, ದೇವರಾಣೆ."

"ಬಾಯಲ್ಲಿ ಬೇಡ. ಕೈಯಲ್ಲಿ ಮಾಡಿ ತೋರ್ಸಿ."

ನರ್ಸ್ ಪಂಪಿನ ಪುಟ್ಟ ಬಾಗಿಲು ತೆಗೆದು, ಎಡಗೈಯಿಂದ ನಳಿಕೆ ತಟ್ಟಿ ಗುಳ್ಳೆ ಓಡಿಸುತ್ತಲೇ ಬಲಗೈ ಹೆಬ್ಬೆರಳಲ್ಲಿ ಅಂಕಿ ಬದಲಿಸಿದಳು.

"ಬಾಗಿಲು ತೆಗೆದಿಟ್ಕೊಂಡೇ ಒತ್ತೋದಾ?"

"ಎಲ್ರೂ ಹೀಗೇ ಮೇಡಂ. ಇಪ್ಪತ್ತು ಹಾಸಿಗೆಗೆ ನಾವಿಬ್ರು. ಒಂದೊಂದೇ ಮಾಡ್ತಾ ನಿಲ್ಲೋಕೆ ಪುರಸೊತ್ತೆಲ್ಲಿ?" ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಕೆಲ್ಸ ಹೋಗುತ್ತಾ?"

"ಕೆಲ್ಸ ಏನ್ಬಂತು, ಜೈಲು—" ಎಂದು ಷರಾ ಶುರುಮಾಡಿದ. ಇನ್ಸ್‌ಪೆಕ್ಟರ್ ನೋಡಿದ ನೋಟಕ್ಕೆ ವಾಕ್ಯ ಅಲ್ಲೇ ಮುದುಡಿತು.

ಪಂಚನಾಮೆ ಮಾಡಿ ಪಂಪನ್ನು ಜಪ್ತಿ ಮಾಡಿದರು. ಮಧ್ಯಾಹ್ನ ಮೂರಕ್ಕೆ ಪಂಪು ತಯಾರಿಸಿದ ಕಂಪನಿಯ ಸುರಕ್ಷತಾ ಮುಖ್ಯಸ್ಥ ಬಂದ. ಅವನ ಇಸ್ತ್ರಿಯಲ್ಲಿ ಒಂದು ಸುಕ್ಕಿರಲಿಲ್ಲ. ಮಾತಿನಲ್ಲಿ ಒಂದು ಅನುಮಾನವಿರಲಿಲ್ಲ.

"ಆಗೋ ಮಾತೇ ಅಲ್ಲ. ಇದಕ್ಕೆ ಎರಡು ಮೆದುಳು. ಒಂದು ಮೋಟಾರ್ ಓಡಿಸುತ್ತೆ, ಇನ್ನೊಂದು ಅದನ್ನ ಕಾಯುತ್ತೆ. ಮೊದಲನೇದರ ಪ್ರೋಗ್ರಾಂ ನಂದು, ಕಾವಲಿನದು ಬೇರೆಯವರದ್ದು. ಒಬ್ಬರು ಬರೆದದ್ದನ್ನ ಇನ್ನೊಬ್ಬರು ನೋಡೋ ಹಾಗೇ ಇಲ್ಲ. ಒಂದು ಎಡವಿದ್ರೆ ಇನ್ನೊಂದು ಮೋಟಾರ್ ನಿಲ್ಲಿಸಿ ಕೂಗಬೇಕು. ಎರಡೂ ಸುಮ್ನಿದ್ವು ಅಂದ್ಮೇಲೆ ಆಕೆ ಐವತ್ತೇ ಒತ್ತಿದ್ದಾಳೆ."

ಆಸ್ಪತ್ರೆಯ ಉಗ್ರಾಣದಲ್ಲಿ ಬಕೆಟ್ ಇಟ್ಟು ಪರೀಕ್ಷೆ ನಡೆಯಿತು. ಮುಖ್ಯಸ್ಥ ಬಾಗಿಲು ಮುಚ್ಚಿ, ಒಂದೇ ಬೆರಳಿನಿಂದ, ಪೂಜೆಗೆ ಕೂತವನಂತೆ ಐದು ಒತ್ತಿದ. ಹನಿ ಬಿತ್ತು. ಆಮೇಲೆ ಪಂಪನ್ನು ಮತ್ತೆ ಐವತ್ತಕ್ಕಿಟ್ಟರು; ನರ್ಸ್ ಬಾಗಿಲು ತೆಗೆದು ತನ್ನ ರೀತಿಯಲ್ಲಿ ಐದು ಒತ್ತಿ ಮುಚ್ಚಿದಳು. ಪರದೆ ಐದು ಅಂದಿತು. ಬಕೆಟ್ಟಿಗೆ ನೀರು ಸುರಿಯಿತು.

ಮುಖ್ಯಸ್ಥನ ಇಸ್ತ್ರಿ ಬೆವರಿತು. "ಎರಡೂ ಒಟ್ಟಿಗೆ ಎಡವಿವೆ. ತೀರಾ ಆಕಸ್ಮಿಕ."

ಇನ್ಸ್‌ಪೆಕ್ಟರಿಗೆ ಮೆದುಳುಗಳ ವಿಷಯ ಗೊತ್ತಿರಲಿಲ್ಲ. ಸಾಕ್ಷಿಗಳ ವಿಷಯ ಚೆನ್ನಾಗಿ ಗೊತ್ತಿತ್ತು. ಕಣ್ಣಾರೆ ಕಂಡ ಇಬ್ಬರಲ್ಲಿ ಒಬ್ಬ ಕಳ್ಳನ ಅಂಗಿ ನೀಲಿ ಅಂದರೆ ಇನ್ನೊಬ್ಬ ಕಪ್ಪು ಅನ್ನುತ್ತಾನೆ. ಇಬ್ಬರೂ ಒಂದೇ ತಪ್ಪನ್ನು ಒಂದೇ ಕಡೆ ಹೇಳಿದರೆ, ಯಾರೋ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದಾರೆ.

"ಕಾವಲಿನದು ಬರೆದವರು ಯಾರು?"

"...ನನ್ನ ಬಾಮೈದ."

"ಎಲ್ಲಿದಾನೆ?"

"ಪ್ಯಾಕಿಂಗ್‌ನಲ್ಲಿ."

ಬಾಮೈದ ರಟ್ಟಿನ ಪೆಟ್ಟಿಗೆಗಳ ನಡುವೆ ಹಲ್ಲಿನಿಂದ ಟೇಪ್ ಹರಿಯುತ್ತಿದ್ದ.

"ನಿನ್ನ ಕಾವಲು ಯಾಕಪ್ಪಾ ಕೂಗಲಿಲ್ಲ?"

"ನಂದಾ? ನಂದನ್ನ ಹಾಕೇ ಇಲ್ವಲ್ಲ ಮೇಡಂ. ಬಾಗಿಲು ತೆಗೆದು ಅಂಕಿ ಒತ್ತಿದಾಗೆಲ್ಲ ಅದು ಭಾವನ ಮೋಟಾರ್ ನಿಲ್ಲಿಸ್ತಿತ್ತು. ಬಾಗಿಲು ತೆಗೆದು ಯಾವನು ಒತ್ತುತ್ತಾನೆ, ನಿನ್ನ ತಲೆ ಹಾಗೇ ನಿನ್ನ ಪ್ರೋಗ್ರಾಂ ಅಂತ ಬೈದು ಕಿತ್ತಾಕಿದ್ರು."

"ಅದರ ಜಾಗಕ್ಕೆ ಏನು ಹಾಕಿದ್ರು?"

"ನಂಗೇನ್ ಗೊತ್ತು? ನಂಗೆ ಟೇಪ್ ಕೊಟ್ರು."

ಶುಕ್ರವಾರ ಪ್ರಯೋಗಾಲಯದಿಂದ ಉತ್ತರ ಬಂತು: ಬಾಗಿಲು ತೆರೆದಿದ್ದಾಗ ಒತ್ತಿದ ಹೊಸ ಅಂಕಿ ಪರದೆಗಷ್ಟೇ ಹೋಗುತ್ತದೆ, ಮೋಟಾರ್ ಹಳೆಯ ಅಂಕಿಯಲ್ಲೇ ಓಡುತ್ತದೆ; ಕಾವಲು ಮೆದುಳಿನಲ್ಲಿದ್ದದ್ದು ಮೊದಲನೆಯದರದೇ ನಕಲು. ಕಳ್ಳನ ಕಾವಲಿಗೆ ಕಳ್ಳನನ್ನೇ ನಿಲ್ಲಿಸಲಾಗಿತ್ತು. ಎರಡು ಸ್ವತಂತ್ರ ಪ್ರೋಗ್ರಾಂಗಳಿವೆ ಎಂಬ ಪ್ರಮಾಣಪತ್ರಕ್ಕೆ ಮುಖ್ಯಸ್ಥನೇ ಸಹಿ ಹಾಕಿದ್ದ.

ಶನಿವಾರ ಹನ್ನೊಂದಕ್ಕೆ, ಇಬ್ಬರು ಪಂಚರ ಎದುರು, ಬಾಮೈದ ತನ್ನ ಹಳೆಯ ಪ್ರೋಗ್ರಾಮನ್ನು ಅದೇ ಮಾದರಿಯ ಇನ್ನೊಂದು ಪಂಪಿಗೆ ಹಾಕಿದ. ನರ್ಸ್ ಐವತ್ತಕ್ಕಿದ್ದ ಪಂಪಿನ ಬಾಗಿಲು ತೆಗೆದಳು, ನಳಿಕೆ ತಟ್ಟಿದಳು, ಐದು ಒತ್ತಿ ಮುಚ್ಚಿದಳು. ಮೋಟಾರ್ ಗುರ್ರೆಂದು ನುಗ್ಗಿತು. ಮರುಕ್ಷಣ ಗಕ್ಕನೆ ನಿಂತಿತು. ಕೆಂಪು ದೀಪ ಹತ್ತಿ, ಉಗ್ರಾಣದ ಗೋಡೆ ನಡುಗುವಂತೆ ಪಂಪು ಅರಚಿಕೊಂಡಿತು.

"ಕೂಗ್ತು ಮೇಡಂ, ಕೂಗ್ತು!" ಎಂದು ಷರಾ ಕುಣಿದೇಬಿಟ್ಟ, ತನ್ನ ಮಗಳೇ ಶಾಲೆಗೆ ಮೊದಲು ಬಂದಳೇನೋ ಎಂಬಂತೆ. ನರ್ಸ್ ಅಳುತ್ತ ನಕ್ಕಳು. ದರ್ಜಿಯ ಮಗಳು ಬಂದು ಅವಳ ಕೈ ಹಿಡಿದುಕೊಂಡಳು. ಬಾಮೈದ ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬು ಹುಡುಕುತ್ತಿದ್ದ.

"ಆಫ್ ಮಾಡೋ, ಕಿವಿ ಹೋಗುತ್ತೆ," ಎಂದ ಒಬ್ಬ ಪಂಚ.

"ಇರ್ಲಿ ಬಿಡಿ," ಎಂದಳು ಇನ್ಸ್‌ಪೆಕ್ಟರ್. "ಇನ್ನೂ ಸ್ವಲ್ಪ ಕೇಳೋಣ."

ಅಂದೇ ಸಂಜೆ ಮುಖ್ಯಸ್ಥನ ಬಂಧನವಾಯಿತು. ಎಲ್ಲ ಆಸ್ಪತ್ರೆಗಳಿಂದ ಆ ಪಂಪುಗಳು ವಾಪಸಾದವು. ಒಂದೊಂದಕ್ಕೂ ಬಾಮೈದನ ಕಾವಲು ಹತ್ತಿತು. ಆರೋಪಪಟ್ಟಿಯಲ್ಲಿ ನರ್ಸಿನ ಹೆಸರಿದ್ದದ್ದು ಸಾಕ್ಷಿಗಳ ಸಾಲಿನಲ್ಲಿ.

ಈ ಕೆಲಸದಿಂದ ಮುಖ್ಯಸ್ಥನಿಗೆ ಬಿಡಿಗಾಸಿನ ಲಾಭವೂ ಇರಲಿಲ್ಲ. ತನ್ನದರಲ್ಲಿ ತಪ್ಪಿಲ್ಲ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಆದ್ದರಿಂದ ಅವನ ಲೆಕ್ಕದಲ್ಲಿ ಅದನ್ನು ತಡೆದದ್ದೇ ತಪ್ಪಾಗಿರಬೇಕಿತ್ತು. ಹೇಳಿಕೆ ಬರೆದು ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಅವನೇ ಬಾಯಿಬಿಟ್ಟ:

"ಬಾಮೈದನ್ನ ಬಿಟ್ಟು ಬೇರೆ ಯಾರಾದ್ರೂ ನಿಲ್ಲಿಸಿದ್ದಿದ್ರೆ, ಒಂದ್ಸಲ ತಿರುಗಿ ನೋಡ್ತಿದ್ದೆ."